ಹತ್ತಕ್ಕೊಂದು ಕುಂಬಳಕಾಯಿ

ಐದು ವರ್ಷದ ಮಗುವೊಂದು ನಿಮ್ಮೆದುರು ಕುಳಿತು ಎಣಿಸುವಾಗ ನೀವು ಅದರ ಬಾಯಿಂದ ಬರುವ ಕೊನೆಯ ಸಂಖ್ಯೆಗೆ ಕಾಯುತ್ತೀರೋ, ಅದರ ಕೈ ಏನು ಮಾಡುತ್ತಿದೆಯೆಂದು ನೋಡುತ್ತೀರೋ? ನಾನು ಕೊನೆಯ ಸಂಖ್ಯೆಗೆ ಕಾದವಳು. ಅದರಿಂದ ಒಂದು ಮಗುವಿಗೆ ಏನಾಯಿತೆಂಬುದನ್ನು ಇಲ್ಲಿ ಬರೆದಿದ್ದೇನೆ.

ದುಬೈನ ಅಲ್ ಬರ್ಷಾದ ಶಾಲೆಯೊಂದರಲ್ಲಿ ನಾನು ಕೆ.ಜಿ. ಮಕ್ಕಳಿಗೆ ಪಾಠ ಮಾಡುತ್ತೇನೆ. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದೆ. ಯಾವ ವಿಷಯವನ್ನಾದರೂ ಮೂರು ಅಂಶಗಳಾಗಿ ಒಡೆದು ಎದುರಾಳಿಗೆ ಉತ್ತರವಿಲ್ಲದಂತೆ ಮಂಡಿಸುವುದು ಅಲ್ಲಿ ಕಲಿತ ವಿದ್ಯೆ. ಶಾಲೆಗೆ ಸೇರಿದ ಎರಡನೆಯ ವರ್ಷವೇ ಆ ವಿದ್ಯೆಯನ್ನು ವರ್ಕ್‌ಶೀಟ್‌ಗಳ ವಿರುದ್ಧ ಬಳಸಿದೆ. ಎಳೆಯ ಮಕ್ಕಳು ಲೆಕ್ಕವನ್ನು ಕಾಗದದ ಮೇಲೆ ಅಲ್ಲ, ವಸ್ತುಗಳನ್ನು ಮುಟ್ಟಿ, ಎತ್ತಿ, ಜೋಡಿಸಿ ಕಲಿಯಬೇಕೆಂದು ವಾದಿಸಿದೆ. ಮೇಲಿನವರು ಒಪ್ಪಿದರು. ಆ ಗೆಲುವಿನ ಬಗ್ಗೆ ನನಗೆ ಈಗಲೂ ನಾಚಿಕೆಯಿಲ್ಲ. ಆಟಗಳು ಒಳ್ಳೆಯವೇ ಆಗಿದ್ದವು.

ಅಕ್ಟೋಬರಿನಲ್ಲಿ ನಮ್ಮ ಪಠ್ಯಕ್ರಮಕ್ಕೆ ಶರತ್ಕಾಲ ಬರುತ್ತದೆ. ಕಿಟಕಿಯ ಗಾಜಿಗೆ ಕೆಂಪು, ಹಳದಿ ಕಾಗದದ ಎಲೆಗಳನ್ನು ಅಂಟಿಸುತ್ತೇವೆ. ಗಾಜಿನಾಚೆ ಮಕ್ಕಳನ್ನು ಮಧ್ಯಾಹ್ನ ಅಂಗಳಕ್ಕೆ ಬಿಡಲಾಗದಷ್ಟು ಬಿಸಿಲಿರುತ್ತದೆ. ದಾಳ ಉರುಳಿಸಿ ಬಿದ್ದಷ್ಟು ಎಲೆಗಳನ್ನು ಮರದ ಚಿತ್ರಕ್ಕೆ ಅಂಟಿಸುವುದು, ರಟ್ಟಿನ ಅಳಿಲಿನ ಬಾಯಿಗೆ ಹೇಳಿದಷ್ಟು ಕಾಯಿ ಹಾಕುವುದು, ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಕುಂಬಳಕಾಯಿಗಳನ್ನು ಬಣ್ಣವಾರು ಗುಂಪು ಮಾಡುವುದು: ಇವು ಆಟಗಳು. ಅಳಿಲಿನ ಕಾಯಿಯೆಂದರೆ ಓಕ್ ಮರದ ಏಕಾರ್ನ್. ಅದೂ ಪ್ಲಾಸ್ಟಿಕ್ಕಿನದೇ.

"ಈ ಕಾಯಿಯನ್ನು ನೀವು ಮರದಲ್ಲಿ ಕಂಡದ್ದುಂಟಾ ಮಿಸ್?" ಎಂದು ನಮ್ಮ ತರಗತಿಯ ಸಹಾಯಕಿ, ಉಡುಪಿ ಕಡೆಯ ಹಿರಿಯ ಹೆಂಗಸು, ಮೊದಲ ದಿನವೇ ಕೇಳಿದ್ದರು.

"ಇಲ್ಲ."

"ಹಾಗಾದ್ರೆ ನೀವೂ ಕೆ.ಜಿ.ಯೇ. ಕೂತ್ಕೊಳ್ಳಿ ಚಾಪೆ ಮೇಲೆ."

ಆ ವರ್ಷ ನನ್ನ ತರಗತಿಯಲ್ಲಿ ಒಬ್ಬಳು ಮಾತು ಕಡಿಮೆಯ ಹುಡುಗಿಯಿದ್ದಳು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತ ಕುಟುಂಬ. ತಂದೆಯ ಕೆಲಸ ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನಲ್ಲಿ, ಮನೆಗೆ ಬರುವುದು ವಾರಾಂತ್ಯಕ್ಕೆ. ತಾಯಿ ಆಸ್ಪತ್ರೆಯಲ್ಲಿ ನರ್ಸ್, ಪಾಳಿಯ ಕೆಲಸ. ಮಗುವನ್ನು ನೋಡಿಕೊಳ್ಳಲು ಸೆಪ್ಟೆಂಬರಿನಲ್ಲಿ ಅಜ್ಜಿ ವಿಸಿಟ್ ವೀಸಾದ ಮೇಲೆ ಬಂದಿದ್ದರು.

ಅಕ್ಟೋಬರಿನ ಕೊನೆಗೆ ಪ್ರತಿ ಮಗುವಿನ ಎಣಿಕೆಯನ್ನು ಪರೀಕ್ಷಿಸಿ ದಾಖಲಿಸಬೇಕು. ಬಟ್ಟಲಿನಲ್ಲಿ ಇಪ್ಪತ್ತಮೂರು ಕಾಯಿಗಳಿದ್ದವು. ಒಂದೊಂದನ್ನೇ ಮುಟ್ಟಿ, ನಿಲ್ಲದೆ, ಇಪ್ಪತ್ತರವರೆಗಾದರೂ ಎಣಿಸಬೇಕೆಂಬುದು ನಿಯಮ. ಆ ಹುಡುಗಿ ಹತ್ತು ಕಾಯಿಗಳನ್ನು ಸಾಲಾಗಿ ಇಟ್ಟಳು. ನಿಂತಳು. ಪಕ್ಕದ ಬುಟ್ಟಿಗೆ ಕೈಚಾಚಿ ಒಂದು ಕುಂಬಳಕಾಯಿ ತೆಗೆದು ಸಾಲಿನ ಕೊನೆಗೆ ಇಟ್ಟಳು. ಮತ್ತೆ "ಒನ್" ಎಂದು ಆರಂಭಿಸಿದಳು.

"ಹತ್ತರ ಮುಂದೆ ಏನು ಬರುತ್ತದೆ, ಕಂದಾ?"

"ಪಂಪ್ಕಿನ್, ಮಿಸ್."

ಇನ್ನೊಂದು ಹತ್ತು, ಇನ್ನೊಂದು ಕುಂಬಳಕಾಯಿ, ಮೂರು ಕಾಯಿ. ಒಟ್ಟು ಎಷ್ಟೆಂದು ಕೇಳಿದೆ. "ಟೂ ಪಂಪ್ಕಿನ್ ಆಂಡ್ ತ್ರೀ" ಎಂದಳು. ಹತ್ತರ ನಂತರದ ಕ್ರಮ ತಿಳಿದಿಲ್ಲ, ವಸ್ತುಗಳನ್ನು ಬೆರೆಸುತ್ತಾಳೆ ಎಂದು ಬರೆದೆ. ಹಾಗೆ ಬರೆದರೆ ಏನಾಗುತ್ತದೆಂಬುದು ನನಗೆ ಗೊತ್ತಿತ್ತು: ಮಗುವನ್ನು ದಿನವೂ ಬೆಳಗಿನ ಆಟದ ಹೊತ್ತಿಗೆ ತರಗತಿಯಿಂದ ಕರೆದೊಯ್ದು ಹಿಂದುಳಿದವರ ಸಣ್ಣ ಕೋಣೆಯಲ್ಲಿ ಕೂರಿಸುತ್ತಾರೆ, ಆ ಮಾತು ಅವಳ ಕಡತದಲ್ಲಿ ಮುಂದಿನ ತರಗತಿಗಳಿಗೂ ಹೋಗುತ್ತದೆ.

ಒಪ್ಪಿಗೆಯ ಸಹಿಗೆಂದು ಕರೆಸಿದಾಗ ತಾಯಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದರು.

"ಅವಳಿಗೆ ಎಣಿಸ್ಲಿಕ್ಕೆ ಬರ್ತದೆ ಮಿಸ್. ಮನೆಯಲ್ಲಿ ಐವತ್ತರವರೆಗೆ ಹೋಗ್ತಾಳೆ, ಸಂಜೆ ಅಜ್ಜಿ ಒಟ್ಟಿಗೆ..."

ನಾನು ಮಾತು ಮುಗಿಯಲು ಬಿಡಲಿಲ್ಲ. ಬಾಯಿಪಾಠ ಎಣಿಕೆಯಲ್ಲ ಎಂಬುದು ಮೊದಲನೆಯ ಅಂಶ. ಸಹಾಯ ಬೇಗ ಸಿಕ್ಕಷ್ಟೂ ಮಗುವಿಗೆ ಲಾಭವೆಂಬುದು ಎರಡನೆಯದು. ತಾಯಿಯ ಪ್ರೀತಿ ಸಹಜವಾದರೂ ಅದು ಅಳತೆಗೋಲಾಗದೆಂಬುದು ಮೂರನೆಯದು. ಅವರು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು. "ಫೈಲಿನಲ್ಲಿ ಮಾತ್ರ ಬರೀಬೇಡಿ, ಪ್ಲೀಸ್" ಎಂದರು. ಪ್ರಾಮಾಣಿಕತೆಯ ವಿಷಯದಲ್ಲಿ ರಾಜಿ ಸಾಧ್ಯವಿಲ್ಲವೆಂದೆ. ಅವರು ಸಹಿ ಹಾಕಿ ಹೋದರು.

ನವೆಂಬರಿನ ಕೊನೆಗೆ ಮನೆಯವರು ಬಂದು ಮಕ್ಕಳೊಡನೆ ಆಟವಾಡುವ ದಿನವಿತ್ತು. ತಾಯಿಗೆ ರಜೆ ಸಿಗದೆ ಅಜ್ಜಿ ಬಂದರು. ಮೊಣಕಾಲು ನೋವೆಂದು ಹೇಳುತ್ತಲೇ ಪುಟ್ಟ ಕುರ್ಚಿಯಲ್ಲಿ ಕುಳಿತರು. ಮೊಮ್ಮಗಳು ಬಟ್ಟಲನ್ನು ಎಳೆದುಕೊಂಡು ಒಮ್ಮೆ ನನ್ನ ಮುಖ ನೋಡಿದಳು, ನಂತರ ಒಂದರಿಂದ ಇಪ್ಪತ್ತಮೂರರವರೆಗೆ ಒಂದೇ ಉಸಿರಿನಲ್ಲಿ ಎಣಿಸಿದಳು. ಸಣ್ಣ ಕೋಣೆಯ ತರಬೇತಿ ಫಲಿಸಿತ್ತು. ನನಗೆ ಹೆಮ್ಮೆಯಾಯಿತು.

ಅಜ್ಜಿ ಮಾತ್ರ ಹುಬ್ಬು ಗಂಟಿಕ್ಕಿದರು. ನನಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದರು: "ಹತ್ತು ಆದ್ಮೇಲೆ ದೊಡ್ಡ ಮಣಿ ಎಲ್ಲಿ ಮಗಾ? ಮರ್ತದ್ದಾ?"

"ನಾಟ್ ಅಲೌಡ್, ಅಜ್ಜಿ."

ಯಾವ ಮಣಿಯೆಂದು ಕೇಳಿದೆ. ಅಜ್ಜಿ ಪರ್ಸಿನಿಂದ ಜಪಮಾಲೆ ತೆಗೆದು ಅಂಗೈಯಲ್ಲಿ ಹರಡಿದರು. "ಅಕ್ಟೋಬರ್ ನಮಗೆ ಜಪಮಾಲೆಯ ತಿಂಗಳು, ಟೀಚರೇ. ದಿನಾ ಸಂಜೆ ಕೂತ್ಕೊಳ್ತೇವೆ. ಹತ್ತು ಸಣ್ಣ ಮಣಿ, ಮತ್ತೆ ಒಂದು ದೊಡ್ಡದು. ಪುನಃ ಒಂದರಿಂದ. ಹಾಗೆ ಐದು ಸಲ. ಲೆಕ್ಕ ಹಿಡಿಯುವುದು ಇವಳೇ, ನಾನು ನಿದ್ದೆ ತೂಗಿದ್ರೆ ಬೈತಾಳೆ." ಆಮೇಲೆ ದನಿ ತಗ್ಗಿಸಿದರು. "ನಾನೇ ಕಲಿಸಿದ್ದು. ತಪ್ಪಾಯ್ತಾ?"

ಹತ್ತನ್ನು ಒಂದು ಕಟ್ಟಾಗಿ ಹಿಡಿದು, ಅದಕ್ಕೊಂದು ಗುರುತಿಟ್ಟು, ಎರಡು ಹತ್ತು ಮತ್ತು ಮೂರು ಎಂದು ಹೇಳುವುದನ್ನು ನಾವು ಮುಂದಿನ ವರ್ಷ ಕಲಿಸುತ್ತೇವೆ. ಆ ಮಗು ಅದನ್ನು ನನ್ನ ಕಣ್ಣೆದುರೇ ಮಾಡಿತ್ತು, ನಾನು ಅದನ್ನು ಕೊರತೆಯೆಂದು ದಾಖಲಿಸಿದ್ದೆ.

ಮರುದಿನ ತಾಯಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ.

"ಅವತ್ತು ಅದನ್ನೇ ಹೇಳ್ಲಿಕ್ಕೆ ಬಂದದ್ದು ಮಿಸ್. ನೀವು ಒಂದು, ಎರಡು, ಮೂರು ಅಂತ ಹೇಳ್ತಾ ಹೋದ್ರಿ. ನಂದು ಬಾಯಲ್ಲೇ ಉಳೀತು."

ಕಡತದಲ್ಲಿ ಒಮ್ಮೆ ಬರೆದದ್ದನ್ನು ತೆಗೆಯಲಾಗದು, ಕೆಳಗೆ ತಿದ್ದುಪಡಿ ಸೇರಿಸಬಹುದು ಎಂದು ಮೇಲ್ವಿಚಾರಕಿ ಹೇಳಿದರು. ಅರ್ಧ ಪುಟದ ತಿದ್ದುಪಡಿ ಬರೆದೆ. ಮುಂದಿನ ವಾರ ಮಗು ಬೆಳಗಿನ ಆಟಕ್ಕೆ ಮರಳಿತು. ನಿನ್ನಿಷ್ಟದಂತೆ ಎಣಿಸು, ಕಂದಾ ಎಂದು ಹಲವು ಸಲ ಹೇಳಿದೆ. ಅವಳು ತಪ್ಪಿಲ್ಲದೆ ನೇರವಾಗಿಯೇ ಎಣಿಸುತ್ತಿದ್ದಳು, ಪ್ರತಿ ಸಂಖ್ಯೆಯ ನಂತರ ನನ್ನ ಮುಖದ ಕಡೆ ನೋಡುತ್ತಿದ್ದಳು. ಆ ವರ್ಷ ಮುಗಿಯುವವರೆಗೂ ಆ ನೋಟ ಹೋಗಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನೀವು ಶಿಕ್ಷಕರಾಗಿದ್ದರೆ, ಮಗುವಿನ ಎಣಿಕೆಯ ಬಗ್ಗೆ ಏನನ್ನಾದರೂ ಬರೆಯುವ ಮೊದಲು "ಹೇಗೆ ಎಣಿಸಿದೆ, ತೋರಿಸು" ಎಂದು ಕೇಳಿ, ಅದು ತೋರಿಸಿ ಮುಗಿಸುವವರೆಗೆ ಕಾಯಿರಿ, ಅದರ ಉತ್ತರವನ್ನು ಅದರದೇ ಮಾತಿನಲ್ಲಿ ಬರೆದಿಡಿ. ನೀವು ತಂದೆತಾಯಿಯಾಗಿದ್ದರೆ, ನಿಮ್ಮ ಮನೆಯಲ್ಲಿ ಯಾವುದನ್ನು ಯಾರು ಹೇಗೆ ಎಣಿಸುತ್ತಾರೆಂದು ಒಂದು ಚೀಟಿಯಲ್ಲಿ ಬರೆದು ಈ ವಾರವೇ ಶಿಕ್ಷಕರ ಕೈಗೆ ಕೊಡಿ. ಅವರು ನಡುವೆ ಬಾಯಿ ಹಾಕಿದರೆ, ದಯವಿಟ್ಟು ನಿಮ್ಮ ಮಾತನ್ನು ಮುಗಿಸಿಯೇ ಎದ್ದುಬನ್ನಿ.