ಬಾಬಯ್ಯನನ್ನು ಹೊರುವವರು

ಹೊಸಕೋಟೆ ದಾಟುತ್ತಲೇ ನಮ್ಮ ಇದ್ದಿಲು ಬಸ್ಸು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಈ ಯುದ್ಧದ ಕಾಲದಲ್ಲಿ ಪೆಟ್ರೋಲ್ ಎಲ್ಲಿಂದ ತರೋಣ! ಕ್ಲೀನರ್ ಬಸ್ಸಿನ ಹಿಂದಿನ ಇದ್ದಿಲೊಲೆಗೆ ಗಾಳಿ ಹಾಕುವ ಚಕ್ರ ತಿರುವತೊಡಗಿದ. ನಾವೆಲ್ಲ ಇಳಿದು ಹುಣಸೆಮರದ ಕೆಳಗೆ ಕೂತೆವು.

"ಜಗತ್ತಿನ ಯುದ್ಧಗಳಿಗೆಲ್ಲ ಮತವೇ ಮೂಲ ಕಣ್ರೀ," ಎಂದೆ, ಕೈಯಲ್ಲಿದ್ದ ಪತ್ರಿಕೆ ಮಡಚುತ್ತ.

"ದಿಟ ಸ್ವಾಮಿ," ಎಂದರು ಪಕ್ಕದಲ್ಲಿದ್ದ ರೈತ ಮುನಿಯಪ್ಪ. "ಮೊಹರಂ ಬಂದ್ರೆ ನಮ್ಮೂರಲ್ಲೂ ಹೊಡೆದಾಟವೇ."

"ಹಿಂದೂಗಳಿಗೂ ಸಾಬರಿಗೂ?"

"ಎಲ್ಲಿ ಬಂತು! ನಮ್ಮೂರಲ್ಲಿ ಸಾಬರ ಮನೆ ಒಂದೂ ಇಲ್ಲ. ಮೊಹರಂ ಮೆರವಣಿಗೇಲಿ ಬಾಬಯ್ಯ ದೇವರ ಬೆಳ್ಳಿ ಹಸ್ತ ಯಾರು ಹೊರ್ಬೇಕು ಅಂತ ಮೇಲಿನ ಕೇರಿ ಗೌಡ್ರಿಗೂ ಕೆಳಗಿನ ಕೇರಿ ಗೌಡ್ರಿಗೂ ಜಗಳ. ಬಿಡಿಸೋಕೆ ಇವರನ್ನ ಕರ್ಕೊಂಡು ಹೋಗ್ತಿದೀನಿ."

ಇವರು ಅಂದರೆ ಅವರ ಪಕ್ಕ ಕೂತಿದ್ದ ಮುದಿ ಫಕೀರರು. ಅವರು ಗಡ್ಡ ಸವರಿಕೊಂಡು ನಕ್ಕರು. "ಹೋದ್ವರ್ಷ, ಬಡಿದಾಡಬೇಡಿ ಕಣ್ರಪ್ಪಾ, ನಾನೇ ಹೊರ್ತೀನಿ ಅಂದೆ. ಎರಡು ಕೇರಿನೂ ಒಂದಾಗಿ ನನ್ನ ಮೇಲೇ ಬಂದ್ಬಿಡ್ತು."

"ಬರ್ದೆ ಇನ್ನೇನು ಮಾಡ್ತಾರೆ?" ಫಕೀರರಿಗೆ ಎಲೆಗೆ ಸುಣ್ಣ ಸವರಿ ಕೊಡುತ್ತಲೇ ಮುನಿಯಪ್ಪ ರೇಗಿದರು. "ಬಾಬಯ್ಯ ನಮ್ಮೂರವನು. ಇವರು ಹೊಸಕೋಟೆಯವರು!"