ಅಳಿಯದ ಫೈಲಿಗೆ ಅತ್ತಿಗೆಯೇ ಮದ್ದು

ಕಂಪ್ಯೂಟರಿನಲ್ಲಿ ಕೆಲವು ಫೈಲುಗಳು ಹಳೇ ಬಾಡಿಗೆದಾರರ ಹಾಗೆ. ಜಪ್ಪಯ್ಯ ಅಂದರೂ ಜಾಗ ಬಿಡುವುದಿಲ್ಲ; ‘ಇದನ್ನು ಬೇರೆಯವರು ಬಳಸುತ್ತಿದ್ದಾರೆ’ ಎಂದು ನಮಗೇ ಕಾನೂನು ಹೇಳುತ್ತವೆ. ಅಂಥವನ್ನು ಎಬ್ಬಿಸುವುದರಲ್ಲಿ ನನ್ನ ಅತ್ತಿಗೆಯದು ಎತ್ತಿದ ಕೈ. ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳು ಗುಜರಿಗೆ ಹೋದಾಗ ಅವುಗಳ ಹಿಂದೆ ಹೋಗದೆ, ಕಂಪ್ಯೂಟರ್ ಬಿಚ್ಚಲು ಕುಳಿತರು. ಅವರ ಕೋಣೆ ದರ್ಜಿಯ ಅಂಗಡಿಯ ಮೇಲೆ. ಕೆಳಗಿನ ಹೊಲಿಗೆ ಯಂತ್ರಕ್ಕೆ ಮೇಜು ನಡುಗುತ್ತದೆ, ಅತ್ತಿಗೆಯ ಕೈ ನಡುಗುವುದಿಲ್ಲ.

ನಮ್ಮಂಥವರಿಗೆ ಗೊತ್ತಿರುವುದು ಡಿಲೀಟ್ ಗುಂಡಿಯನ್ನು ಕುಟ್ಟುವುದು, ಆಮೇಲೆ ಪ್ಲಗ್ಗು ಕೀಳುವುದು. ಅತ್ತಿಗೆ ಬೈದುಬಿಡುತ್ತಾರೆ. “ಫೈಲಿಗೆಲ್ಲಿಂದ ಬಂತಪ್ಪ ಹಟ? ಯಾರೋ ಹಿಡ್ಕೊಂಡಿರ್ತಾರೆ. ಅವರನ್ನ ಹುಡುಕಿ ಕೈ ಬಿಡಿಸ್ಬೇಕು, ಅಷ್ಟೆ.” ಇನ್ನೊಂದು ಪದ್ಧತಿಯೂ ಉಂಟು: ಅಳಿಸಲು ಕೊಟ್ಟಿದ್ದನ್ನು ತೆರೆದು ನೋಡುವುದಿಲ್ಲ, ಅದರ ಸುದ್ದಿಯನ್ನು ಯಾರಿಗೂ ಹೇಳುವುದಿಲ್ಲ. ನಮ್ಮಣ್ಣನೇ ಬಾಯಿ ಬಿಡಿಸಲು ಹೋಗಿ ಸೋತಿದ್ದಾನೆ.

ಒಂದು ಸಂಜೆ, ಅತ್ತಿಗೆಯೇ ಕಂಪ್ಯೂಟರ್ ನೋಡಿಕೊಳ್ಳುವ ಹಲ್ಲಿನ ಆಸ್ಪತ್ರೆಯ ರಿಸೆಪ್ಷನಿಸ್ಟ್ ಹುಡುಗಿ ಅವರಿಗೆ ಫೋನ್ ಮಾಡಿದಳು. “ಅಕ್ಕಾ, ಬೇಗ ಬನ್ನಿ! ಒಂದು ವಿಡಿಯೊ ಹೋಗ್ತಾನೇ ಇಲ್ಲ. ಡಾಕ್ಟ್ರು ನೋಡಿದ್ರೆ ನನ್ನನ್ನೇ ಡಿಲೀಟ್ ಮಾಡ್ತಾರೆ!”

ಬಾಯಿಯ ದೆಸೆಯಿಂದ ಹಿಂದಿನ ಕೆಲಸ ಕಳೆದುಕೊಂಡು, ಬಾಯಿಯ ಡಾಕ್ಟರ ಹತ್ತಿರವೇ ಬಂದು ಸೇರಿದವಳು ಆಕೆ. ಇದನ್ನೂ ಕಳೆದುಕೊಂಡರೆ ಮನೆಗೆ ಮುಖ ತೋರಿಸುವಂತಿರಲಿಲ್ಲ. ಅತ್ತಿಗೆಯನ್ನು ಸ್ಕೂಟರಿನಲ್ಲಿ ಕರೆದೊಯ್ದೆ. ಕಾಯುವ ಕೋಣೆಯಲ್ಲಿ ಜನ ಕೆನ್ನೆ ಹಿಡಿದು ಕುಳಿತಿದ್ದರು. ಗೋಡೆಯ ಟಿವಿಯಲ್ಲಿ ಡಾಕ್ಟರು ಹಲ್ಲುಜ್ಜುವ ಪಾಠ ಹೇಳುತ್ತಿದ್ದರು. ನಿಜವಾದ ಡಾಕ್ಟರು ಒಳಗೆ ಡ್ರಿಲ್ ಹಿಡಿದಿದ್ದರು.

ಗಾಜಿನ ಗೂಡಿನೊಳಗೆ ಹುಡುಗಿ ಪಿಸುಗುಟ್ಟಿದಳು. “ಮಧ್ಯಾಹ್ನ ಯಾರೂ ಇರ್ಲಿಲ್ಲಕ್ಕಾ. ಆಸ್ಪತ್ರೆ ಫೋನಲ್ಲಿ ನಂದೇ ಒಂದು ವಿಡಿಯೊ ತೆಗ್ದೆ. ಅದು ಅದಾಗೇ ಈ ಫೋಲ್ಡರಿಗೆ ಬಂದು ಕೂತಿದೆ.”

“ಏನಿದೆ ಅಂತ ಹೇಳ್ಬೇಡ. ಈ ಫೋಲ್ಡರನ್ನ ಇನ್ಯಾರು ನೋಡ್ತಾರೆ, ಅದು ಹೇಳು.”

“ಯಾರೂ ಇಲ್ಲ. ಡಾಕ್ಟ್ರು ತಮ್ಮ ಪಾಠಗಳನ್ನ ಇದರಲ್ಲೇ ಹಾಕ್ತಾರೆ, ಟಿವಿಗೆ…” ಎಂದವಳು ಅಲ್ಲಿಗೇ ನಿಂತಳು.

ಅತ್ತಿಗೆ ತೆರೆಯ ಮೇಲೆ ಬೆರಳಿಟ್ಟು ತೋರಿಸಿದರು. ಫೋಲ್ಡರಿನಲ್ಲಿದ್ದ ಎಲ್ಲ ವಿಡಿಯೊಗಳನ್ನೂ ಸರದಿಗೆ ಹಾಕಿಕೊಂಡು ಬಿಗಿಯಾಗಿ ಹಿಡಿದು ಕೂತಿದ್ದದ್ದು ಗೋಡೆಯ ಟಿವಿಯೇ.

ಅಷ್ಟರಲ್ಲಿ ಹೊರಗೆ ನಗು. ಹಲ್ಲುನೋವಿನವರು ಗೊಳ್ಳೆಂದು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತಿಗೆ ಓಡಲಿಲ್ಲ, ಬೇಗ ನಡೆದರು. ಟಿವಿಯ ಕಡೆ ಕಣ್ಣೆತ್ತದೆ, ಕೈಯನ್ನಷ್ಟೇ ಎತ್ತಿ ಆರಿಸಿದರು. ಹಿಂದಿರುಗಿ ಒಂದು ಗುಂಡಿ ಒತ್ತಿದರು. ಫೈಲು ತೆಪ್ಪಗೆ ಹೋಯಿತು.

ಡ್ರಿಲ್ಲಿನ ಸದ್ದು ನಿಂತಿತು. ಡಾಕ್ಟರು ಬಾಗಿಲಿಗೆ ಬಂದರು. “ಏನದು ನಗು?”

ಒಬ್ಬ ತಾಯಿ ಮಗುವಿನ ಕಡೆ ಕೈ ತೋರಿಸಿದಳು. “ನಿಮ್ಮ ಮುಂದೆ ಯಾವತ್ತೂ ಬಾಯಿ ತೆಗೀದೆ ಇದ್ದವನು, ನೋಡಿ ಡಾಕ್ಟ್ರೇ, ಟಿವಿ ನೋಡಿ ಹೇಗೆ ತೆಗೆದ!”

“ಹಾಗಾದ್ರೆ ಅದನ್ನೇ ಇನ್ನೊಂದ್ಸಲ ಹಾಕಿ.”

“ಅಳಿಸಿ ಆಯ್ತು,” ಅಂದರು ಅತ್ತಿಗೆ.

“ಏನಿತ್ತು ಅದರಲ್ಲಿ?”

“ನಾನು ನೋಡಿಲ್ಲ. ನೋಡಿದ್ರೂ ಹೇಳಲ್ಲ.”

ರೋಗಿಗಳೆಲ್ಲ ಫ್ಯಾನು ನೋಡತೊಡಗಿದರು. ಡಾಕ್ಟರ ಮುಖ ಗಂಟಾಯಿತು. “ನಮ್ಮ ಟಿವಿ, ನಮ್ಮ ಫೋಲ್ಡರು. ನನಗೇ ಹೇಳಲ್ಲ ಅಂದ್ರೆ ಇನ್ಮೇಲೆ ನಮ್ಮಲ್ಲಿ ನಿಮಗೆ ಕೆಲಸ ಇಲ್ಲಮ್ಮ.”

“ಆಗ್ಲಿ ಬಿಡಿ,” ಎಂದು ಅತ್ತಿಗೆ ಚೀಲಕ್ಕೆ ಕೈ ಹಾಕಿದರು. ಧ್ವನಿಯಲ್ಲಿ ಬೇಸರವಾಗಲಿ ಬಿಗುಮಾನವಾಗಲಿ ಇರಲಿಲ್ಲ. ಅವರು ಎಷ್ಟು ಎತ್ತರದ ಹೆಂಗಸೆಂದು ನನಗೆ ಹೊಳೆದದ್ದು ಆಗ. ನಿಂತರೆ ನನ್ನ ಭುಜಕ್ಕಷ್ಟೇ ಬರುತ್ತಾರೆ.

ಹುಡುಗಿಗೆ ತಡೆಯಲಾಗಲಿಲ್ಲ. “ಅಕ್ಕನ್ನ ಕಳಿಸ್ಬೇಡಿ ಸಾರ್. ವಿಡಿಯೊ ನಂದು. ನಿಮ್ಮ ಕೋಟು ಹಾಕ್ಕೊಂಡು… ನಿಮ್ಮ ಥರ ಪಾಠ ಮಾಡ್ತಿದ್ದೆ.”

ಡಾಕ್ಟರು ಅವಳನ್ನು ನೋಡಿದರು, ಬಾಯಿ ಮುಚ್ಚಿಕೊಂಡಿದ್ದ ಮಗುವನ್ನು ನೋಡಿದರು. “ಹೇಗೆ? ಮಾಡಿ ತೋರಿಸು.”

ಅವಳು ಹುಬ್ಬೇರಿಸಿ, ಪೆನ್ನನ್ನೇ ಬ್ರಷ್ಷು ಮಾಡಿಕೊಂಡು, ಗಂಟಲು ಸರಿಮಾಡಿಕೊಂಡಳು. ಥೇಟ್ ಡಾಕ್ಟರೇ! ಮಗು ಬಾಯಿ ತುಂಬ ನಕ್ಕಿತು. ಡಾಕ್ಟರು ತಟ್ಟನೆ ಬಗ್ಗಿ ಅದರ ಬಾಯೊಳಗೆ ಟಾರ್ಚು ಬಿಟ್ಟರು.

ಅತ್ತಿಗೆ ಅತ್ತ ತಿರುಗಲಿಲ್ಲ. ಮತ್ತೆ ಗೂಡಿನೊಳಗೆ ಕೂತು, ಫೋನಿನ ವಿಡಿಯೊಗಳು ಟಿವಿಯ ಫೋಲ್ಡರಿಗೆ ಹೋಗದಂತೆ ದಾರಿ ಬದಲಿಸುತ್ತಿದ್ದರು. ನಗುವಿಗೆ ಹೆಗಲು ಮಾತ್ರ ಕುಲುಕುತ್ತಿತ್ತು.

ಡಾಕ್ಟರು ಬಗ್ಗಿದ್ದು ಕಂಡು ಹುಡುಗಿ ಹೆದರಿ ಪಾಠ ನಿಲ್ಲಿಸಿದಳು.

“ನಿಲ್ಲಿಸ್ಬೇಡಮ್ಮ,” ಅಂದರು ಡಾಕ್ಟರು, ತಲೆ ಎತ್ತದೆ, “ಎಡಗಡೆ ಇನ್ನೂ ನೋಡಿಲ್ಲ.”