ಬಾಲವಾಡಿಯಲ್ಲಿ ಎರೆಮಣ್ಣು

ಗೆಳತಿಯರೇ, ಇವತ್ತು ತಾಂಬಾದ ನಮ್ಮ ಬಾಲವಾಡಿಯಲ್ಲಿ ಜೋಳದ ಹಿಟ್ಟಿಗೆ ಅರಿಶಿನ ಹಾಕಿ ಕಲಸಿ ಮಕ್ಕಳ ಮುಂದಿಟ್ಟೆ. ಅವು ಅದನ್ನು ಹಿಚುಕಿ, ಮೂಗಿಗೂ ಕೂದಲಿಗೂ ಮೆತ್ತಿಕೊಂಡು ಸುಖವಾಗಿದ್ದವು. ಆಗ ಮೊಮ್ಮಗಳನ್ನು ಕರೆದೊಯ್ಯಲು ಗೌರವ್ವಜ್ಜಿ ಬಂದಳು.

"ಅಕ್ಕೋರ, ತಿನ್ನೂ ಹಿಟ್ಟಿನ್ಯಾಗ ಆಟ ಆಡಸ್ತೀರೇನ್ರಿ?"

"ಹಿಚುಕಿದ್ರ ಕೈಗೆ ಚಲೋರಿ, ಯವ್ವಾ."

"ಕೈಗೆ ಮಣ್ಣ ಸಾಕು!"

ಹಿಟ್ಟನ್ನೆಲ್ಲ ತನ್ನ ಎಮ್ಮೆಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದವಳು, ಒಂದು ಬುಟ್ಟಿ ಹಸಿ ಎರೆಮಣ್ಣು ಹೊತ್ತು ತಂದಳು. ನನಗೆ ಒಳಗೊಳಗೇ ಖುಷಿ. ಮಣ್ಣು ಹಿಟ್ಟಿಗಿಂತ ಚೆನ್ನಾಗಿ ಮೆತ್ತಿಕೊಳ್ಳುತ್ತದೆ.

ಆದರೆ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿದೆಯಲ್ಲ! ಅಜ್ಜಿ ಮಕ್ಕಳ ನಡುವೆ ಕೂತಳು. ನೋಡನೋಡುತ್ತ ಅಷ್ಟೂ ಮಣ್ಣು ಎತ್ತುಗಳಾಯಿತು. ಅವಕ್ಕೆ ಕುಂಕುಮ ಹಚ್ಚಿ, ಸಾಲಾಗಿ ಗೋಡೆಯ ಮಾಡದಲ್ಲಿ ಇಟ್ಟಳು.

"ಇನ್ನ ಇವು ಬಸವಣ್ಣ ಆದುವ್ರಿ. ಅಮಾಸಿ ಮುಗಿಯೂ ತನಕಾ ಯಾರೂ ಹಿಚುಕಬ್ಯಾಡ್ರಿ."

ಈಗ ನನ್ನ ಬಳಿ ಹಿಟ್ಟೂ ಇಲ್ಲ, ಮಣ್ಣೂ ಇಲ್ಲ. ನಾಳೆ ಮಕ್ಕಳಿಗೆ ಕೈ ಮುಗಿಯುವುದನ್ನು ಕಲಿಸುತ್ತೇನೆ. ಅದೂ ಕೈಗೆ ಚಲೋನೇ.